ಎತ್ತಿ ಕುಡಿದ ಬರೋಲೊ

ಹೋಟೆಲ್ ಲೈನಿಗೆ ಹೊಸದಾಗಿ ಬರುವ ಹುಡುಗರು ನನ್ನನ್ನು ಕಂಡರೆ ಕೇಳುವುದು ಒಂದೇ ಪ್ರಶ್ನೆ. ‘ಭಟ್ರೇ, ನೀವು ಕುಡಿಯುವವರಲ್ಲ, ತಿನ್ನುವವರಲ್ಲ. ಬಾರ್ ಇರುವ ಹೋಟೆಲಿನಲ್ಲಿ ಅಷ್ಟು ವರ್ಷ ಏನು ಮಾಡಿದಿರಿ?’ ನನ್ನ ಉತ್ತರವೂ ಒಂದೇ. ಉಗುಳಿದೆ. ತಿಂಗಳ ಸಂಬಳ ತೆಗೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ದುಬಾರಿ ವೈನನ್ನು ಬಾಯಿಗೆ ಹಾಕಿ ಬಕೆಟಿಗೆ ಉಗುಳಿದೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ. ನಗಲಿ, ನಿಜ ಏನೆಂದು ಇಲ್ಲಿ ಬರೆದಿಡುತ್ತೇನೆ.

ನನ್ನ ಹೆಸರು ಶ್ರೀಪತಿ. ಉಡುಪಿ ಕಡೆಯವನು. ಈಗ ಡೊಂಬಿವಲಿ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಫ್ಲ್ಯಾಟಿನಲ್ಲಿ ಹೆಂಡತಿ ಸುಮತಿಯ ಜೊತೆ ನಿವೃತ್ತನಾಗಿ ಕೂತಿದ್ದೇನೆ. ಯಾವಾಗ ವೇಟರಿನಿಂದ ಕ್ಯಾಪ್ಟನ್ ಆದೆ, ಯಾವಾಗ ಯಾರು ಬೆನ್ನು ತಟ್ಟಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಹೊಸಬರಿಗೆ ಕಾಸಿನ ಉಪಯೋಗವಿಲ್ಲ. ಎಡವಿದ್ದನ್ನು ಬರೆದರೆ ಅವರಾದರೂ ನೋಡಿ ನಡೆದಾರು.

ಮೊದಲು ನಾನಿದ್ದದ್ದು ಕರುಣಾಕರ ಶೆಟ್ಟರ ಡೊಂಬಿವಲಿಯ ಶುದ್ಧ ಶಾಕಾಹಾರಿ ಹೋಟೆಲಿನಲ್ಲಿ. ಅಲ್ಲಿ ಎರಡು ಕಾನೂನು. ಒಂದು, ನಿನ್ನೆಯ ಸಾಂಬಾರು ಇವತ್ತು ಪಾತ್ರೆಯಲ್ಲಿ ಕಂಡರೆ ಕಂಡವನೇ ಚೆಲ್ಲಬೇಕು, ಯಾರ ಅಪ್ಪಣೆಯೂ ಬೇಡ. ಎರಡು, ಕೆಲಸದವರು ನೀರು ಕುಡಿಯುವುದಾದರೆ ಲೋಟ ಎತ್ತಿ ಕುಡಿಯಬೇಕು, ತುಟಿ ತಾಗಿಸಬಾರದು. ಎರಡನೆಯದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಲೋಟಕ್ಕೆ ಬಾಯಿ ಹಾಕಿದರೆ ‘ಎಂಜಲು ಮಾಡಿದ್ಯಾ?’ ಎಂದು ಅಮ್ಮನ ಕೈ ಬೆನ್ನಿಗೆ ಬೀಳುತ್ತಿತ್ತು. ಬಿಸಿ ಕಾಫಿಯನ್ನೂ ಒಂದು ಹನಿ ಚೆಲ್ಲದೆ ಮೇಲಿನಿಂದ ಬಾಯಿಗೆ ಬಿಟ್ಟುಕೊಳ್ಳಬಲ್ಲೆ. ಇದೊಂದು ವಿದ್ಯೆ ಎಂದು ನನಗೆ ಒಳಗೊಳಗೇ ಜಂಭವೂ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ವಾಶಿಯಲ್ಲಿ ಶಾಪಿಂಗ್ ಮಾಲುಗಳು ಎದ್ದವು. ಅವನ್ನು ನೋಡಿ ಶೆಟ್ಟರಿಗೂ ಆಸೆ ಎದ್ದಿತು. ಮದ್ಯದ ಪರ್ಮಿಟ್ ಇರುವ, ಏಸಿ ಇರುವ, ಮೇಜಿನ ಮೇಲೆ ಬಟ್ಟೆಯ ನ್ಯಾಪ್ಕಿನ್ ಇರುವ ರೆಸ್ಟೋರೆಂಟ್ ಒಂದನ್ನು ಅಲ್ಲಿ ತೆರೆದರು. ಬಾಟಲಿಗಳ ಸ್ಟಾಕ್ ರೂಮಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆ ಬಂದಾಗ ನನ್ನನ್ನು ಕರೆಸಿದರು.

‘ಹಾಲು ಕಾಯ್ಲಿಕ್ಕೆ ಬೆಕ್ಕನ್ನು ಇಡ್ಲಿಕ್ಕೆ ಆಗ್ತದಾ ಭಟ್ರೇ? ನೀವೇ ಬನ್ನಿ. ನಿಮಗೆ ಅದರ ರುಚಿಯೇ ಗೊತ್ತಿಲ್ಲ.’

ರುಚಿ ಗೊತ್ತಿಲ್ಲದಿರುವುದೇ ನನ್ನ ಅರ್ಹತೆ. ಮೀನು ಕೋಳಿಯ ಪ್ಲೇಟು ಬೇರೆಯವರು ಒಯ್ಯುವುದು, ಬಾಟಲಿ ಮಾತ್ರ ನಾನು ಒಯ್ಯುವುದು ಎಂದು ಮೊದಲೇ ಮಾತಾಯಿತು. ಸುಮತಿ ಮಾತ್ರ, ‘ಬಾಟ್ಲಿ ಹಿಡಿದ ಕೈಯಲ್ಲಿ ದೇವರ ಕೋಣೆಗೆ ಬರ್ಬೇಡಿ, ಮೊದಲು ಸ್ನಾನ’ ಎಂದು ತನ್ನ ಕಾನೂನು ಸೇರಿಸಿದಳು. ಡೊಂಬಿವಲಿಯಿಂದ ಥಾಣೆ, ಅಲ್ಲಿ ಇಳಿದು ವಾಶಿಯ ಗಾಡಿ. ಆ ನೂಕುನುಗ್ಗಲಲ್ಲಿ ಹೋಗಿ ಬಂದವನಿಗೆ ಹೇಗೂ ಸ್ನಾನ ಬೇಕೇ ಆಗುತ್ತಿತ್ತು.

ಮೊದಲ ವರ್ಷವೇ ಒಂದು ಘನಕಾರ್ಯ ಮಾಡಿದೆ. ಸಪ್ಲೈಯರ್ ಒಂದು ಪೆಟ್ಟಿಗೆ ಇಟಲಿಯ ಕೆಂಪು ವೈನ್ ತಂದಿಳಿಸಿದ. ಮಾಲು ತೆಗೆದುಕೊಳ್ಳುವಾಗ ತಾರೀಕು ನೋಡುವುದು ನನ್ನ ಅಭ್ಯಾಸ. ನೋಡಿದರೆ ಲೇಬಲ್ಲಿನ ಮೇಲೆ ಮಾಂಧಾತನ ಕಾಲದ ಇಸವಿ! ಬೆಳಕಿಗೆ ಹಿಡಿದೆ. ಬಣ್ಣ ಮಾಸಿ ಇಟ್ಟಿಗೆಯ ಹಾಗಾಗಿತ್ತು, ಅಡಿಯಲ್ಲಿ ಮಡ್ಡಿ ಬೇರೆ. ನಮ್ಮನ್ನು ಏನೆಂದುಕೊಂಡಿದ್ದಾರೆ ಎಂದು ಸಿಟ್ಟು ನೆತ್ತಿಗೇರಿತು.

‘ಅಹೋ ಭಟ್‌ಸಾಹೇಬ, ಜುನೀ ಆಹೆ ಮ್ಹಣೂನಚ್ ಮಹಾಗ್ ಆಹೆ,’ ಎಂದ ಸಪ್ಲೈಯರಿನ ಮನುಷ್ಯ. ಹಳೆಯದು, ಅದಕ್ಕೇ ದುಬಾರಿಯಂತೆ.

ಕೆಟ್ಟ ಮಾಲನ್ನು ದಾಟಿಸುವವರು ಏನೇನು ಕತೆ ಕಟ್ಟುತ್ತಾರೆ ಎಂದು ಶೆಟ್ಟರೂ ನಾನೂ ಮುಖ ಮುಖ ನೋಡಿಕೊಂಡೆವು. ಪೆಟ್ಟಿಗೆ ವಾಪಸು ಹೋಯಿತು. ಅದರ ಬದಲು ಅದೇ ವರ್ಷದ ತಾಜಾ ಮಾಲು ತರಿಸಿದೆವು. ಶೆಟ್ಟರಿಗೆ ಎಷ್ಟು ಸಂತೋಷವಾಯಿತೆಂದರೆ ಬಾಗಿಲಲ್ಲಿ ‘ಇಲ್ಲಿ ತಾಜಾ ಇಟಾಲಿಯನ್ ವೈನ್ ಸಿಗುತ್ತದೆ’ ಎಂದು ಇಂಗ್ಲಿಷಿನಲ್ಲಿ ಬೋರ್ಡು ಬರೆಸಿದರು. ಕೆಲವು ಗಿರಾಕಿಗಳು ಆ ಬೋರ್ಡಿನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಪ್ರಾಮಾಣಿಕತೆಗೆ ಮೆಚ್ಚಿದ್ದಾರೆ ಎಂದುಕೊಂಡಿದ್ದೆವು.

ಆ ಬೋರ್ಡನ್ನು ಇಳಿಸಿದವನು ಶೆಟ್ಟರ ಮಗ ನಿತಿನ್. ಹುಟ್ಟಿದ್ದು ಬೆಳೆದದ್ದು ಥಾಣೆಯಲ್ಲಿ. ಕನ್ನಡ, ತುಳು ಎರಡೂ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದವನು ಬೋರ್ಡನ್ನು ಓದಿ, ಸ್ಟೂಲು ತರಿಸಿ, ತಾನೇ ಹತ್ತಿ ಸ್ಕ್ರೂ ಬಿಚ್ಚಿದ. ಮರುವಾರವೇ ನಮಗೆಲ್ಲ ಪಾಠ ಹೇಳಲು ಥಾಣೆಯಿಂದ ಲವೀನಾ ಬಾಯಿ ಬಂದರು. ಮಂಗಳೂರು ಮೂಲದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ದೊಡ್ಡ ಹೋಟೆಲುಗಳಲ್ಲಿ ವೈನ್ ಪಾಠ ಮಾಡಿ ಹೆಸರಾದವರು.

ಮೊದಲ ದಿನವೇ ನನ್ನ ಸರದಿ ಬಂತು. ಲೋಟ ತಿರುಗಿಸಿ, ಮೂಸಿ, ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ನಾಲಗೆಯ ಮೇಲೆ ಆಡಿಸಿ, ಬಕೆಟಿಗೆ ಉಗುಳಬೇಕು ಎಂದರು. ನುಂಗುವ ಹಾಗಿಲ್ಲ ಎಂದು ಕೇಳಿ ನನಗೆ ಜೀವ ಬಂದಂತಾಯಿತು. ಉದ್ದ ಕಾಲಿನ ಗಾಜಿನ ಲೋಟವನ್ನು ಹಣೆಗಿಂತ ಮೇಲಕ್ಕೆ ಎತ್ತಿ, ಒಂದು ಧಾರೆ ಬಾಯಿಗೆ ಬಿಟ್ಟುಕೊಂಡು, ಉಗುಳಿ, ಹನಿಯೂ ಚೆಲ್ಲಲಿಲ್ಲ ನೋಡಿ ಎಂಬಂತೆ ನಿಂತೆ.

‘ಇದೆಂತ ಮಾಡಿದ್ದು ಭಟ್ರೇ?’ ಎಂದರು ಲವೀನಾ ಬಾಯಿ.

‘ನೀವು ಹೇಳಿದ ಹಾಗೇ ಮಾಡಿದ್ದು.’

‘ನಿಮ್ಮ ಮೂಗು ಎಲ್ಲಿತ್ತು?’

‘ಮುಖದಲ್ಲೇ ಇತ್ತು.’

‘ಲೋಟದ ಒಳಗೆ ಇರ್ಬೇಕಿತ್ತು. ವೈನಿನಲ್ಲಿ ಮುಕ್ಕಾಲು ಪಾಲು ಮೂಗಿನದ್ದು ಮಾರಾಯ್ರೆ. ನೀವು ಅದನ್ನು ಗಾಳಿಗೆ ಬಿಟ್ಟಿರಿ.’

ಹುಡುಗರೆಲ್ಲ ನಕ್ಕರು. ನಿತಿನ್ ನಗಲಿಲ್ಲ. ಅದು ನನಗೆ ಹೆಚ್ಚು ನಾಟಿತು. ಗಾಜಿಗೆ ತುಟಿ ತಾಗಿಸಲು ಕಲಿಯಬೇಕೆಂದು ಹಟ ತೊಟ್ಟೆ. ಹೇಳಿದಷ್ಟು ಸುಲಭವಲ್ಲ. ಲೋಟದ ಅಂಚು ತುಟಿಯ ಹತ್ತಿರ ಬಂದ ಕೂಡಲೇ ಅಮ್ಮ ಹಿಂದೆ ನಿಂತಿದ್ದಾಳೆ ಎಂದು ಬೆನ್ನು ನಡುಗುತ್ತಿತ್ತು. ಮನೆಯಲ್ಲಿ ರಾತ್ರಿ ಊಟಕ್ಕೆ ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು, ತಿರುಗಿಸಿ, ಮೂಗು ತೂರಿಸಿ ಅಭ್ಯಾಸ ಮಾಡಿದೆ.

‘ಸಾರು ಹಳಸಿದ್ಯಾ?’ ಎಂದಳು ಸುಮತಿ. ‘ನಾಯಿ ಮೂಸಿದ ಹಾಗೆ ಮೂಸ್ತೀರಲ್ಲ!’

ಕೆಲಸದ ವಿಷಯ ಹೇಳಿದೆ. ಮೂಸುವುದು, ಬಾಯಿಗೆ ಹಾಕುವುದು, ಉಗುಳುವುದು.

‘ಉಗುಳ್ಲಿಕ್ಕೂ ಸಂಬಳವಾ? ನಮ್ಮ ಸ್ಟೇಶನ್ನಿನಲ್ಲಿ ಎಷ್ಟು ಜನ ಬಿಟ್ಟಿಯಾಗಿ ಉಗುಳ್ತಾರೆ, ಪಾಪ.’

ಲವೀನಾ ಬಾಯಿ ಒಂದು ಮಾತು ಹೇಳಿದ್ದರು. ಹೊಸ ಕೆಂಪು ವೈನಿನಲ್ಲಿ ಗೇರುಹಣ್ಣಿನ ಹಾಗೆ ನಾಲಗೆ ಹಿಡಿಯುವ ಒಗರು ಇರುತ್ತದೆ. ಬರೋಲೊ ಎಂಬ ಇಟಲಿಯ ವೈನಿನಲ್ಲಂತೂ ಆ ಒಗರು ಬಲು ಜಾಸ್ತಿ, ಅದು ಇಳಿಯಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಚೆನ್ನಾಗಿ ಹಳತಾದ ಮೇಲೆ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಬರುತ್ತದೆ, ಒಗರು ಮೆತ್ತಗಾಗುತ್ತದೆ, ಹಣ್ಣಿನ ಪರಿಮಳ ಹೋಗಿ ಒಣಗಿದ ಗುಲಾಬಿ ಮತ್ತು ಡಾಂಬರು ಸೇರಿದ ಪರಿಮಳ ಬರುತ್ತದೆ. ನಾನು ವಾಪಸು ಕಳಿಸಿದ ಪೆಟ್ಟಿಗೆಯಲ್ಲಿದ್ದದ್ದು ಅದೇ. ಆದರೆ ಗುಲಾಬಿ ಮತ್ತು ಡಾಂಬರು ಒಂದೇ ಲೋಟದಲ್ಲಿ ಎಂದರೆ ನಂಬುವುದು ಹೇಗೆ? ‘ಒಮ್ಮೆ ಮೂಸಿದ್ರೆ ನಂಬ್ತೀರಿ,’ ಎಂದರು. ಪಾಠಕ್ಕೆ ಬರುತ್ತಿದ್ದದ್ದು ಅಗ್ಗದ ಬಾಟಲಿಗಳು. ಅಂಥದ್ದು ನನ್ನ ಮೂಗಿಗೆ ಬರಲೇ ಇಲ್ಲ. ಆದರೆ ಆಸೆ ಒಳಗೆ ಕೂತುಬಿಟ್ಟಿತು.

ಕಾಲ ಕಳೆದಂತೆ ರೆಸ್ಟೋರೆಂಟ್ ನಿತಿನನ ಕೈಗೆ ಬಂತು. ಮೇಜಿನ ಆರ್ಡರು ಬರೆದುಕೊಳ್ಳುವುದು ಹೋಗಿ ಬೆರಳಲ್ಲಿ ಒತ್ತುವ ಯಂತ್ರ ಬಂತು. ನಾನು ‘ಸೂಪ್’ ಒತ್ತಿದರೆ ಅಡುಗೆಮನೆಯಲ್ಲಿ ‘ಐಸ್‌ಕ್ರೀಮ್’ ಬರುತ್ತಿತ್ತು. ಒಂದು ದಿನ ನಿತಿನ್ ಕರೆದು ಕೂರಿಸಿದ.

‘ಅಂಕಲ್, ಡೊಂಬಿವಲಿ ಮೇ ಕೂಪನ್ ಕೌಂಟರ್ ಖಾಲಿ ಹೈ. ಘರ್ ಕೆ ಪಾಸ್ ಭೀ ಹೈ. ಆರಾಮ್ ಸೆ ಬೈಠೋ.’

ಹಳೆಯ ಹೋಟೆಲಿನ ಕೂಪನ್ ಕೌಂಟರಿನಲ್ಲಿ, ಮನೆಯ ಹತ್ತಿರ, ಆರಾಮವಾಗಿ ಕೂರಬೇಕಂತೆ. ಕೂಪನ್ ಕೌಂಟರ್ ಎಂದರೆ ದುಡ್ಡು ಪಡೆದು ಚೀಟಿ ಕೊಡುವ ಗಾಜಿನ ಗೂಡು. ಕೈ ತೂರುವಷ್ಟು ತೂತು. ದಿನವಿಡೀ ಆಡುವ ಮಾತು ‘ಚಿಲ್ಲರೆ ಕೊಡಿ’ ಒಂದೇ. ಜನರ ಮಧ್ಯೆ ಓಡಾಡಿ, ಯಾರಿಗೆ ಏನು ಬೇಕೆಂದು ಮುಖ ನೋಡಿ ತಿಳಿದು, ಹತ್ತು ಮಾತಾಡಿ ಬದುಕಿದವನು ನಾನು. ಆ ಗೂಡಿನಲ್ಲಿ ನಾನು ಬದುಕುವುದಿಲ್ಲ ಎನಿಸಿತು. ಶೆಟ್ಟರ ಹತ್ತಿರ ಹೋದೆ. ‘ಹುಡುಗನ ಕೈಗೆ ಕೊಟ್ಟಾಗಿದೆ ಭಟ್ರೇ. ಇನ್ನು ನಾನು ಮಧ್ಯೆ ಬಾಯಿ ಹಾಕಿದ್ರೆ ಸರಿಯಾಗುವುದಿಲ್ಲ,’ ಎಂದು ನೆಲ ನೋಡಿದರು. ಅಂದು ಥಾಣೆಯಲ್ಲಿ ಗಾಡಿ ಬದಲಿಸುವಾಗ ಅಷ್ಟು ಜನರ ನಡುವೆ ನನಗೆ ಅಳು ಬಂತು.

ಆ ಹೊತ್ತಿಗೆ ಬಂದವರು ಬೆರ್ತೊಲಿ ಸಾಹೇಬರು. ವಾಶಿಯ ಹತ್ತಿರ ಮಹಾಪೆಯ ಕಡೆ ಇಟಲಿಯವರದೊಂದು ಯಂತ್ರದ ಕಾರ್ಖಾನೆ ಇತ್ತು, ಅದರ ಹಿರಿಯ ಅಧಿಕಾರಿ ಇವರು. ನಮ್ಮ ಖಾಯಂ ಗಿರಾಕಿ. ನೀರುದೋಸೆಯನ್ನು ಚೂರಿ ಮುಳ್ಳಿನಲ್ಲಿ ತಿನ್ನುತ್ತಿದ್ದವರಿಗೆ ಕೈಯಲ್ಲಿ ತಿನ್ನಲು ಕಲಿಸಿದವನು ನಾನು. ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. ಭಾನುವಾರ ಮಧ್ಯಾಹ್ನ ಕಾರ್ಖಾನೆಯ ಜನರಿಗೆಲ್ಲ ನಮ್ಮಲ್ಲಿ ಬೀಳ್ಕೊಡುಗೆ ಊಟ. ಆ ವಾರದ ಮಧ್ಯದಲ್ಲಿ ಬಂದು, ಸ್ವೆಟರಿನಲ್ಲಿ ಸುತ್ತಿದ ಒಂದು ಬಾಟಲಿಯನ್ನು ಕೂಸನ್ನು ಕೊಡುವಂತೆ ನನ್ನ ಕೈಗೆ ಕೊಟ್ಟರು. ಬರೋಲೊ! ಅವರ ತಂದೆ ಇಟ್ಟು ಹೋದದ್ದಂತೆ. ಇರುವುದು ಇದೊಂದೇ. ನೆಟ್ಟಗೆ ನಿಲ್ಲಿಸಿಡಿ, ಮಡ್ಡಿ ಅಡಿಗೆ ಕೂರಲಿ, ಯಾರೂ ಅಲುಗಿಸಬಾರದು ಎಂದರು.

ನಿತಿನ್ ನನ್ನನ್ನು ಪಕ್ಕಕ್ಕೆ ಕರೆದ. ‘ಸಂಡೇ ತಕ್ ರುಕೋ, ಅಂಕಲ್. ಇಸ್ ಮೇ ಕುಛ್ ಗಡ್‌ಬಡ್ ನಹೀ ಹುವಾ, ತೋ ಕೌಂಟರ್ ಕಾ ಫಿರ್ ಸೋಚೇಂಗೆ.’ ಭಾನುವಾರ ಏನೂ ಎಡವಟ್ಟಾಗದಿದ್ದರೆ ಕೌಂಟರಿನ ವಿಷಯ ಮತ್ತೆ ಯೋಚಿಸುತ್ತಾನಂತೆ.

ಬಾಟಲಿಯನ್ನು ಸ್ಟಾಕ್ ರೂಮಿನ ಮೂಲೆಯಲ್ಲಿ ನಿಲ್ಲಿಸಿ ಬೀಗ ಹಾಕಿದೆ. ಆದರೆ ಶುಕ್ರವಾರ ಬಂತಲ್ಲ! ಶುಕ್ರವಾರ ಸ್ಟಾಕ್ ರೂಮಿಗೆ ಪೂಜೆ, ಅದನ್ನು ಶೆಟ್ಟರೇ ಬಂದು ಮಾಡುವುದು. ಪ್ರತಿ ಬಾಟಲಿಯನ್ನು ಒರೆಸಿ, ಕುಂಕುಮ ಇಟ್ಟು, ಊದುಬತ್ತಿ ಬೆಳಗುತ್ತಾರೆ. ನಾನು ಬೀಗ ತೆಗೆದುಕೊಟ್ಟು, ಹೂವಿನವನಿಗೆ ದುಡ್ಡು ಕೊಟ್ಟು ಒಳಗೆ ಬರುವಷ್ಟರಲ್ಲಿ ಶೆಟ್ಟರು ಬೆರ್ತೊಲಿ ಸಾಹೇಬರ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಗಡಗಡ ಕುಲುಕುತ್ತಿದ್ದರು.

‘ಶೆಟ್ರೇ!’

‘ಎಂತ ಕೂಗ್ತೀರಿ? ಅಡಿಯಲ್ಲಿ ಮಡ್ಡಿ ಉಂಟು. ದ್ರಾಕ್ಷಾಸವವನ್ನು ಕುಲುಕದೆ ಕುಡೀತಾರಾ ಯಾರಾದ್ರೂ? ಸತ್ವ ಎಲ್ಲ ಅಡಿಯಲ್ಲೇ ಇರೋದು.’

ಬಾಟಲಿಯನ್ನು ಅವರ ಕೈಯಿಂದ ಬಿಡಿಸಿ ಮತ್ತೆ ಮೂಲೆಯಲ್ಲಿ ನಿಲ್ಲಿಸಿದೆ. ಅವರನ್ನು ಬೈಯುವ ಹಾಗೂ ಇರಲಿಲ್ಲ, ನಾನಾದರೂ ಹಿಂದೆ ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸಿದವನು. ಲವೀನಾ ಬಾಯಿಗೆ ಫೋನ್ ಮಾಡಿದೆ.

‘ಕುಲುಕಿದ್ರಾ? ಜೇಜು!’ ಎಂದರು. ‘ಊಟ ಆಯ್ತವಾರ ಅಲ್ವಾ? ಇನ್ನು ಅದನ್ನು ಗಾಳಿಯೂ ಮುಟ್ಟದ ಹಾಗೆ ನೋಡಿ. ಮಡ್ಡಿ ಕೂತ್ರೂ ಕೂತೀತು. ನಾನೂ ಪ್ರಾರ್ಥನೆ ಮಾಡ್ತೇನೆ.’

ವಿಷಯ ತಿಳಿದ ಶೆಟ್ಟರು ಪಾಪ, ಹೆದರಿಹೋದರು. ಶನಿವಾರವೂ ಬಂದು ಬಾಗಿಲ ಹೊರಗೇ ನಿಂತು, ಕಿಂಡಿಯಿಂದ ಬಾಟಲಿಗೆ ಕೈಮುಗಿದು ಹೋದರು. ಅದರ ಹಣೆಯ ಮೇಲೆ ಅವರೇ ಇಟ್ಟ ಕುಂಕುಮ ಹಾಗೆಯೇ ಇತ್ತು.

ಭಾನುವಾರ ಬೆರ್ತೊಲಿ ಸಾಹೇಬರ ಎದುರಿಗೇ ಬಾಟಲಿ ತೆರೆಯಬೇಕಿತ್ತು. ಉದ್ದ ಮೇಜು, ಸುತ್ತ ಬಿಳಿ ಅಂಗಿ ಹಾಕಿದ ಇಟಲಿಯವರು, ನಮ್ಮವರು. ನಿತಿನ್ ಕಂಬಕ್ಕೆ ಒರಗಿ ನಿಂತಿದ್ದ. ಹಳೆಯ ಬೂಚು ಅರ್ಧಕ್ಕೇ ಮುರಿಯಿತು. ಉಳಿದರ್ಧಕ್ಕೆ ಸ್ಕ್ರೂವನ್ನು ಓರೆಯಾಗಿ ತಿರುಗಿಸಿ, ಮನೆದೇವರನ್ನು ನೆನೆದು ಎಳೆದೆ. ಬಂತು. ಬಾಟಲಿಯ ಕುತ್ತಿಗೆಯ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು, ಮಡ್ಡಿ ಎಲ್ಲಿಯವರೆಗೆ ಬಂತೆಂದು ನೋಡುತ್ತ ಗಾಜಿನ ಹೂಜಿಗೆ ನಿಧಾನವಾಗಿ ಬಗ್ಗಿಸಬೇಕು. ನಮ್ಮಲ್ಲಿದ್ದದ್ದು ಬರ್ತ್‌ಡೇ ಕೇಕಿನ ಗುಲಾಬಿ ಬಣ್ಣದ ಬತ್ತಿ. ಅದರ ಬೆಳಕಿನಲ್ಲಿ ಇಟ್ಟಿಗೆಯ ಬಣ್ಣದ ವೈನ್ ತಿಳಿಯಾಗಿ ಇಳಿಯಿತು. ಕೊನೆಯಲ್ಲಿ ಮಡ್ಡಿಯ ಎಳೆ ಕುತ್ತಿಗೆಗೆ ಬಂದದ್ದೇ ಕೈ ನಿಲ್ಲಿಸಿದೆ. ಕೂತಿತ್ತು, ಮಹಾತಾಯಿ, ಕೂತಿತ್ತು! ಕಿಟಕಿಯ ಹತ್ತಿರ ಶೆಟ್ಟರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಬೆರ್ತೊಲಿ ಸಾಹೇಬರ ಲೋಟಕ್ಕೆ ಸ್ವಲ್ಪ ಹಾಕಿದೆ. ಅವರು ತಿರುಗಿಸಿದರು, ಮೂಗು ಒಳಗಿಟ್ಟರು, ಕಣ್ಣು ಮುಚ್ಚಿದರು. ಇನ್ನು ಕುಡಿಯುತ್ತಾರೆ ಎಂದುಕೊಂಡರೆ, ಕಣ್ಣು ಒರೆಸಿಕೊಂಡು ಆ ಲೋಟವನ್ನು ನನ್ನ ಕಡೆಗೆ ಚಾಚಿದರು.

‘ಭಟ್‌ಜೀ, ಯೂ ಫಸ್ಟ್. ಯೂ ಗಾರ್ಡ್ ಇಟ್.’

ಬೇಡ ಎನ್ನುವಂತಿಲ್ಲ, ಬೇರೆ ಲೋಟ ತರುತ್ತೇನೆ ಎನ್ನುವಂತಿಲ್ಲ. ಇಡೀ ಮೇಜು ನೋಡುತ್ತಿದೆ. ಅವರ ತಂದೆಯ ವೈನ್, ಅವರ ಲೋಟ, ಅವರಿನ್ನೂ ಕುಡಿದಿಲ್ಲ. ಅದಕ್ಕೆ ನಾನು ಬಾಯಿ ಹಾಕಿ ಎಂಜಲು ಮಾಡಿ ಕೊಡುವುದೇ? ಲವೀನಾ ಬಾಯಿಯ ಪಾಠವೆಲ್ಲ ಆ ಕ್ಷಣ ಗಾಳಿಗೆ ಹೋಯಿತು. ಕೈ ತಾನಾಗಿ ಮೇಲೆ ಹೋಯಿತು. ತಲೆ ಹಿಂದಕ್ಕೆ ವಾಲಿತು. ಹಣೆಗಿಂತ ಮೇಲಿನಿಂದ ಒಂದು ಧಾರೆ ನೇರ ಗಂಟಲಿಗೆ ಇಳಿಯಿತು. ಉಗುಳಲು ಬಕೆಟೂ ಇಲ್ಲ, ಜನ್ಮದಲ್ಲಿ ಮೊದಲ ಸಲ ನುಂಗಿದೆ. ಮೂಗಿಗೆ ಏನೂ ಸಿಗಲಿಲ್ಲ.

ನಿತಿನ್ ಹಣೆಗೆ ಕೈ ಹಚ್ಚಿ ಕಂಬದ ಹಿಂದೆ ಸರಿದ. ನನ್ನ ಕಣ್ಣಿಗೆ ಕೂಪನ್ ಕೌಂಟರಿನ ತೂತು ಕಂಡಿತು.

‘ವೈ ಲೈಕ್ ದಿಸ್?’ ಎಂದರು ಬೆರ್ತೊಲಿ ಸಾಹೇಬರು.

‘ಸರ್, ಯುವರ್ ಗ್ಲಾಸ್. ಮೈ ಮೌತ್ ನೋ ಟಚ್. ರೆಸ್ಪೆಕ್ಟ್,’ ಎಂದೆ. ನನ್ನ ಇಂಗ್ಲಿಷ್ ಅಷ್ಟೇ.

ಅವರು ಲೋಟದ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಗುರುತೂ ಇರಲಿಲ್ಲ. ತಮ್ಮವರ ಕಡೆಗೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಸಾಹೇಬರು ಎದ್ದು ನಿಂತು, ತಲೆ ಹಿಂದಕ್ಕೆ ವಾಲಿಸಿ, ಲೋಟ ಎತ್ತಿ ಉಳಿದದ್ದನ್ನು ಬಿಟ್ಟುಕೊಂಡರು. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಹೋ ಎಂದು ಮೇಜೇ ಎದ್ದಿತು. ತಲಾ ಒಂದೆರಡು ಗುಟುಕು ಬರುವಷ್ಟೇ ವೈನ್, ಅದನ್ನು ಮೊದಲು ಎಲ್ಲರೂ ಶಾಸ್ತ್ರೋಕ್ತವಾಗಿ ಮೂಸಿ ಕುಡಿದರು. ಆಮೇಲೆ ಬೇರೆ ಲೋಟ, ಬೇರೆ ಅಗ್ಗದ ಬಾಟಲಿ ತರಿಸಿಕೊಂಡು ಎತ್ತಿ ಕುಡಿಯುವ ಅಭ್ಯಾಸಕ್ಕೆ ಬಿದ್ದರು. ಒಬ್ಬರ ಮೂಗಿಗೆ ಹೋಯಿತು, ಒಬ್ಬರ ಕಿವಿಗೆ. ನಾನು ಮೇಜಿನ ಸುತ್ತ ಓಡಾಡಿ ಗದ್ದ ಎತ್ತಿಸಿ, ಮೊಣಕೈ ತಿದ್ದಿಸಿ ಪಾಠ ಹೇಳಿದೆ. ಹೋಗುವಾಗ ಬಿಳಿ ಅಂಗಿ ಒಂದೂ ಉಳಿದಿರಲಿಲ್ಲ. ಬೆರ್ತೊಲಿ ಸಾಹೇಬರು ನನ್ನನ್ನು ಅಪ್ಪಿಕೊಂಡರು, ನನ್ನ ಅಂಗಿಯೂ ಹೋಯಿತು.

ಸಂಜೆ ಇಳಿಯುವ ಹೊತ್ತಿಗೆ ಮೇಜು ಖಾಲಿಯಾಯಿತು. ಬೆರ್ತೊಲಿ ಸಾಹೇಬರ ಲೋಟವನ್ನು ತೊಳೆಯುವ ಕಡೆಗೆ ನಾನೇ ಒಯ್ದೆ. ಊಟದ ಹೊತ್ತಿಗೆ ಹೂಜಿಯ ಕೊನೆಯ ಪಾಲನ್ನು ಅವರಿಗೆ ಅದಕ್ಕೇ ಬಗ್ಗಿಸಿದ್ದೆ, ಅವರು ಕುಡಿದ ಮೇಲೂ ಅಡಿಯಲ್ಲಿ ಸ್ವಲ್ಪ ಉಳಿದಿತ್ತು. ಸುತ್ತ ನೋಡಿ ಮೂಗು ಒಳಗಿಟ್ಟೆ.

ಲವೀನಾ ಬಾಯಿ ಸುಳ್ಳು ಹೇಳಿರಲಿಲ್ಲ. ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಪಕ್ಕ ಹೂವಿನವಳು ನಿನ್ನೆಯ ಗುಲಾಬಿ ಹರವಿ ಕೂತ ಹಾಗೆ. ಅದರ ಹಿಂದೆ ಇನ್ನೂ ಏನೇನೋ, ನನಗೆ ಹೆಸರು ಗೊತ್ತಿಲ್ಲದ್ದು. ಮೂಗು ಹೊರಗೆ ತೆಗೆಯಲು ಮನಸ್ಸೇ ಬರಲಿಲ್ಲ.

‘ಅಂಕಲ್, ಕ್ಯಾ ಕರ್ ರಹೇ ಹೋ?’

ಬಾಗಿಲಲ್ಲಿ ನಿತಿನ್. ನಾನು ಲೋಟ ಚಾಚಿದೆ. ಅವನು ಮೂಸಿದ. ಮತ್ತೆ ಮೂಸಿದ. ಅವನ ಮುಖದಲ್ಲಿದ್ದ ಮಾಲೀಕ ಎಲ್ಲಿಗೋ ಹೋಗಿ, ಹಿಂದೆ ನಾನು ಕಂಡಿದ್ದ ಚಿಕ್ಕ ಹುಡುಗ ಬಂದ.

‘ಕಿತಾಬ್ ಮೇ ಪಢಾ ಥಾ ಬಸ್,’ ಎಂದ ಮೆಲ್ಲಗೆ. ಅವನಿಗೂ ಇದು ಪುಸ್ತಕದಲ್ಲಿ ಓದಿದ್ದಷ್ಟೇ. ಒಂದು ಗುಟುಕು ಕುಡಿದು, ಉಳಿದದ್ದನ್ನು ನನ್ನ ಕಡೆಗೆ ಚಾಚಿದ. ‘ಊಪರ್ ಸೆ ಮತ್ ಪೀನಾ. ನಾಕ್ ಅಂದರ್.’ ಮೇಲಿನಿಂದ ಬೇಡ, ಮೂಗು ಒಳಗೆ ಇರಬೇಕಂತೆ.

ಒಬ್ಬರದ್ದಲ್ಲ, ಇಬ್ಬರ ಎಂಜಲು. ಲೋಟದ ಅಂಚಿಗೆ ತುಟಿ ಇಟ್ಟೆ. ಅಂದು ನನ್ನ ಬೆನ್ನು ನಡುಗಲಿಲ್ಲ.

‘ಒಂದನೇ ತಾರೀಕಿನಿಂದ ಡೊಂಬಿವಲಿಗೆ ಹೋಗ್ಬೇಕಲ್ಲ?’ ಎಂದು ಕೇಳಿದೆ.

‘ಕೈಸಾ ಡೊಂಬಿವಲಿ? ವೋ ಲೋಗ್ ಅಗಲೇ ಮಹೀನೇ ಫಿರ್ ಆ ರಹೇ ಹೈ, ವೋ ಊಪರ್ ವಾಲಾ ಸೀಖ್ನೇ.’ ಎತ್ತಿ ಕುಡಿಯುವುದನ್ನು ಕಲಿಯಲು ಕಾರ್ಖಾನೆಯವರು ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ. ನಲ್ಲಿಯಿಂದ ಒಂದು ಸ್ಟೀಲ್ ಲೋಟಕ್ಕೆ ನೀರು ಹಿಡಿದ. ‘ಪೆಹಲೇ ಮುಝೇ ಸಿಖಾವೋ.’ ಎತ್ತಿದ, ಬಿಟ್ಟುಕೊಂಡ, ಅಂಗಿಯೆಲ್ಲ ಒದ್ದೆ.

ನಿವೃತ್ತನಾಗುವವರೆಗೂ ನಾನು ವಾಶಿಯಲ್ಲೇ ಇದ್ದೆ. ಅಂದು ಮನೆಗೆ ಬಂದಾಗ ಸುಮತಿ ಬಾಗಿಲು ತೆರೆದವಳೇ ಮೂಗರಳಿಸಿದಳು, ಅಂಗಿ ನೋಡಿದಳು, ಮುಖ ನೋಡಿದಳು.

‘ಇವತ್ತು ಉಗುಳ್ಲಿಲ್ವಾ?’

‘ಇಲ್ಲ,’ ಎಂದೆ.

ಅವಳು ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಮುಂದೆ ಇಟ್ಟಳು. ನಾನು ಎತ್ತಿ ಕುಡಿದೆ.